ಬ್ಲಾಕಿನಲ್ಲಿ ಸರಿ, ಪೆನ್ಸಿಲಿನಲ್ಲಿ ತಪ್ಪು: ಮೊಮ್ಮಗಳಿಗೆ ಸ್ಥಾನಬೆಲೆ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಅಡಿಕೆ ತೋಟದವನು. ಮೊಮ್ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಎರಡನೇ ಕ್ಲಾಸು ಮುಗಿಸಿ ರಜೆಗೆ ಬಂದಿದ್ದಾಳೆ. ನೂರರವರೆಗೆ ಸರಸರ ಎಣಿಸುತ್ತಾಳೆ. ಆದರೆ ‘ನೂರ ಐದು ಬರಿ’ ಅಂದರೆ 1005 ಅಂತ ಬರೆಯುತ್ತಾಳೆ. 52ರಲ್ಲಿ 28 ಕಳೆದರೆ 36 ಅನ್ನುತ್ತಾಳೆ. ಮಗ ಪ್ಲಾಸ್ಟಿಕ್ ಬ್ಲಾಕ್‌ಗಳ ಡಬ್ಬಿ ತರಿಸಿಕೊಟ್ಟಿದ್ದಾನೆ. ಅದರಲ್ಲಿ ಸಣ್ಣ ಬಿಡಿ ತುಂಡು, ಹತ್ತರ ಪಟ್ಟಿ, ನೂರರ ಹಲಗೆ ಇವೆ. 43 ಜೋಡಿಸು ಅಂದರೆ ತಪ್ಪಿಲ್ಲದೆ ಜೋಡಿಸುತ್ತಾಳೆ. ಪೆನ್ಸಿಲ್ ಹಿಡಿದರೆ ಮತ್ತೆ ಅದೇ ತಪ್ಪು. ಅಬಾಕಸ್ ಕ್ಲಾಸಿಗೆ ಸೇರಿಸೋಣ ಅಂತ ಸೊಸೆ ಹೇಳುತ್ತಾಳೆ. ಮಗ್ಗಿ ಬಾಯಿಪಾಠ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನನ್ನ ಅನಿಸಿಕೆ. ಯಾರು ಹೇಳುವುದು ಸರಿ?

ಉತ್ತರ: ಸದ್ಯಕ್ಕೆ ಅಬಾಕಸ್ಸೂ ಬೇಡ, ಮಗ್ಗಿಯೂ ಬೇಡ. ಅವೆರಡರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ 1005 ಅನ್ನು ಸ್ವಲ್ಪ ನೋಡೋಣ.

ಅದು ಗಮನ ಕೊಡದೆ ಮಾಡಿದ ತಪ್ಪಲ್ಲ. ‘ನೂರ ಐದು’ ಅಂತ ನೀವು ಹೇಳಿದಿರಿ. ನೂರು ಅಂದರೆ 100 ಅಂತ ಅವಳಿಗೆ ಗೊತ್ತು, ಬರೆದಳು. ಐದೂ ಗೊತ್ತು, ಪಕ್ಕದಲ್ಲಿ ಬರೆದಳು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಕಾಗದಕ್ಕೆ ಇಳಿಸಿದ್ದಾಳೆ. ನೂರ ಇಪ್ಪತ್ತೈದು ಬರೆಸಿ ನೋಡಿ, 10025 ಅಂತ ಬಂದರೂ ಬರಬಹುದು. ಇಂಗ್ಲಿಷಿನಲ್ಲಿ ಹೇಳಿ ಬರೆಸಿದರೂ ಇದೇ ಕಥೆ. ಬೇರೆ ಬೇರೆ ಭಾಷೆಯ ಮಕ್ಕಳು ಈ ವಯಸ್ಸಿನಲ್ಲಿ ಹೀಗೇ ಬರೆಯುತ್ತಾರೆ. ಆ 36 ಕೂಡ ಹಾಗೆಯೇ. ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಎರಡು ಹೋದರೆ ಮೂರು. ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಎಲ್ಲೋ ಕೇಳಿದ್ದಾಳೆ, ಅದನ್ನೇ ಪಾಲಿಸಿದ್ದಾಳೆ. ಅವಳ ಕಣ್ಣಿಗೆ 52 ಅನ್ನುವುದು ಐವತ್ತೆರಡು ಅಲ್ಲ. ಅಕ್ಕಪಕ್ಕ ಕೂತ ಒಂದು 5, ಒಂದು 2, ಅಷ್ಟೇ.

ಹಾಗಾದರೆ ಬ್ಲಾಕಿನಲ್ಲಿ ಮಾತ್ರ ಹೇಗೆ ಸರಿಯಾಗುತ್ತದೆ? ನಿಮ್ಮ ಪ್ರಶ್ನೆಯ ತಿರುಳು ಇದೇ.

ಸ್ಥಾನಬೆಲೆ ಅಂತ ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಎರಡು ಪಾಠ ಇವೆ. ಒಂದು, ಹತ್ತು ಬಿಡಿಗಳನ್ನು ಕೂಡಿಸಿ ಅದನ್ನೇ ‘ಒಂದು’ ಅಂತ ಎಣಿಸುವುದು. ಇನ್ನೊಂದು, ಬರೆಯುವಾಗ ಆ ‘ಒಂದು’ ಬಿಡಿಯೋ ಹತ್ತೋ ನೂರೋ ಅನ್ನುವುದನ್ನು ಅದು ಕೂತಿರುವ ಜಾಗ ಹೇಳುತ್ತದೆ ಅನ್ನುವುದು. ಬ್ಲಾಕು ಮೊದಲನೆಯದನ್ನು ತೋರಿಸುತ್ತದೆ. ಎರಡನೆಯದರ ಬಗ್ಗೆ ಅದು ಬಾಯಿಯನ್ನೇ ಬಿಡುವುದಿಲ್ಲ. ಬೇಕಾದರೆ ನೀವೇ ನೋಡಿ. ನಾಲ್ಕು ಪಟ್ಟಿ, ಮೂರು ಬಿಡಿ ಇಟ್ಟು ಕಲಸಿಬಿಡಿ. ಬಿಡಿಗಳನ್ನು ಎಡಕ್ಕೆ ತಳ್ಳಿ, ಪಟ್ಟಿಗಳನ್ನು ಬಲಕ್ಕೆ ಎಳೆಯಿರಿ. ಆಗಲೂ ಅದು ನಲವತ್ತಮೂರೇ. ಪಟ್ಟಿ ಉದ್ದ, ಬಿಡಿ ಚಿಕ್ಕದು. ಎಲ್ಲಿಟ್ಟರೂ ಗುರುತು ಸಿಗುತ್ತದೆ. ಆದರೆ ಕಾಗದದ ಮೇಲೆ 4 ಮತ್ತು 3ರ ಜಾಗ ಬದಲಿಸಿದರೆ ಮೂವತ್ತನಾಲ್ಕು ಆಗಿಹೋಗುತ್ತದೆ. ನಾಲ್ಕು ಹತ್ತು ಇವೆ ಅಂತ ಅಲ್ಲಿ 4 ಅನ್ನು ಯಾರೂ ದಪ್ಪಗೆ ಬರೆಯುವುದಿಲ್ಲ.

ಆದ್ದರಿಂದ ನಿಮ್ಮ ಮೊಮ್ಮಗಳು ಬ್ಲಾಕಿನಲ್ಲಿ ಸರಿ ಮಾಡಿ ಪೆನ್ಸಿಲಿನಲ್ಲಿ ತಪ್ಪುವುದರಲ್ಲಿ ಆಶ್ಚರ್ಯವೇನಿಲ್ಲ. ಅಷ್ಟೇ ಅಲ್ಲ, ಬ್ಲಾಕಿನಲ್ಲಿ ಸರಿ ಮಾಡುವುದೂ ನಿಜಕ್ಕೂ ಎಷ್ಟು ಸರಿ ಅಂತ ನೋಡಬೇಕು. 43 ಅಂದಾಗ ‘ನಾಲ್ಕು ಉದ್ದದ್ದು, ಮೂರು ಗಿಡ್ಡದ್ದು’ ಅಂತ ಜೋಡಿಸುವುದಕ್ಕೆ ಹತ್ತಿನ ಅರ್ಥ ಗೊತ್ತಿರಬೇಕಾಗಿಲ್ಲ. ಬಣ್ಣ ನೋಡಿ ಜೋಡಿಸಿದರೂ ಸಾಕು.

ಅದನ್ನು ತಿಳಿಯಲು ಒಂದು ಸಣ್ಣ ಪರೀಕ್ಷೆ ಇದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಕಾನ್‌ಸ್ಟನ್ಸ್ ಕಮೀ ಇದನ್ನು ಮಕ್ಕಳ ಮೇಲೆ ಮಾಡಿ ನೋಡಿ ಹೆಸರುವಾಸಿ ಮಾಡಿದರು. ನಿಮ್ಮ ಮನೆಯಲ್ಲಿ ಅಡಿಕೆಗೇನೂ ಬರವಿಲ್ಲವಲ್ಲ. ಹದಿನಾರು ಚಾಲಿ ಅಡಿಕೆ ಅವಳ ಮುಂದೆ ಹಾಕಿ. ಎಣಿಸಲಿ, ಕಾಗದದ ಮೇಲೆ 16 ಅಂತ ಬರೆಯಲಿ. ಈಗ 6ರ ಸುತ್ತ ಗೆರೆ ಎಳೆದು, ‘ಈ ಭಾಗಕ್ಕೆ ಎಷ್ಟು ಅಡಿಕೆ, ತೋರಿಸು’ ಅನ್ನಿ. ಆರು ಅಡಿಕೆ ಪಕ್ಕಕ್ಕೆ ಇಡುತ್ತಾಳೆ. ಆಮೇಲೆ 1ರ ಸುತ್ತ ಗೆರೆ ಎಳೆದು ಅದನ್ನೇ ಕೇಳಿ. ಈ ವಯಸ್ಸಿನ ಬಹಳ ಮಕ್ಕಳು ಒಂದೇ ಒಂದು ಅಡಿಕೆ ಎತ್ತಿ ಇಡುತ್ತಾರೆ. ಉಳಿದ ಒಂಬತ್ತು ಅಡಿಕೆ ಯಾವುದಕ್ಕೂ ಸೇರದೆ ಅಲ್ಲೇ ಬಿದ್ದಿರುತ್ತವೆ. ‘ಇವು ಯಾಕೆ ಉಳಿದವು?’ ಅಂತ ಕೇಳಿ, ಸುಮ್ಮನೆ ಕಾಯಿರಿ. ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಕೆಲವರಿಗೆ ಅದೇನೂ ವಿಚಿತ್ರ ಅಂತ ಅನಿಸುವುದೇ ಇಲ್ಲ. ಯಾವುದೇ ಉತ್ತರ ಬಂದರೂ ತಿದ್ದಬೇಡಿ. ಇದು ನೀವು ತಿಳಿದುಕೊಳ್ಳುವುದಕ್ಕೆ ಮಾಡುವ ಪರೀಕ್ಷೆ.

ಹತ್ತು ಅಡಿಕೆ ಸರಿಸಿದಳು ಅಂದರೆ ಮೊದಲ ಪಾಠ ಬಹುಪಾಲು ಆಗಿದೆ. ಸೀದಾ ಕೆಳಗೆ ಹೇಳುವ ಚೀಟಿಗಳಿಗೆ ಹೋಗಿ. ಒಂದೇ ಅಡಿಕೆ ಸರಿಸಿದರೆ ಪ್ಲಾಸ್ಟಿಕ್ ಡಬ್ಬಿ ಮುಚ್ಚಿಡಿ, ಕಡ್ಡಿ ತನ್ನಿ.

ಯಾವ ಕಡ್ಡಿಯಾದರೂ ಆಗುತ್ತದೆ. ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದಕ್ಕೆ ಕತ್ತರಿಸಿದರೆ ಸಾಕು, ಇನ್ನೂರು ಮುನ್ನೂರು ಇರಲಿ. ಜೊತೆಗೆ ಒಂದು ಹಿಡಿ ರಬ್ಬರ್ ಬ್ಯಾಂಡ್. ಬ್ಲಾಕಿಗಿಂತ ಕಡ್ಡಿ ಯಾಕೆ ಮೇಲು ಅಂದರೆ, ಬ್ಲಾಕಿನ ಹತ್ತನ್ನು ಕಾರ್ಖಾನೆ ಮಾಡಿಕೊಟ್ಟಿದೆ. ಅದನ್ನು ಮಗು ಮಾಡಿಲ್ಲ, ಮುರಿಯಲೂ ಆಗುವುದಿಲ್ಲ. ಒಂದು ಪಟ್ಟಿ ಕೊಟ್ಟು ಹತ್ತು ಬಿಡಿ ತಗೋ ಅಂದರೆ ಅದು ಅವಳಿಗೆ ಬರೀ ವ್ಯಾಪಾರ. ಕಡ್ಡಿಯಲ್ಲಿ ಹಾಗಲ್ಲ. ಹತ್ತು ಕಡ್ಡಿ ಎಣಿಸಿದವಳು ಅವಳು, ಬ್ಯಾಂಡು ಸುತ್ತಿದವಳು ಅವಳು. ಬಿಚ್ಚಿದರೆ ಅದೇ ಹತ್ತು ಕಡ್ಡಿ ಅದೇ ಕೈಗೆ ಬರುತ್ತವೆ. ಒಂದು ಕಟ್ಟು, ಹತ್ತು ಕಡ್ಡಿ, ಎರಡೂ ಒಂದೇ ವಸ್ತು ಅನ್ನುವುದು ಹೀಗೆ ಕಟ್ಟಿ ಬಿಚ್ಚಿಯೇ ತಲೆಗೆ ಹೋಗಬೇಕು. ಅವಳ ಪರವಾಗಿ ನೀವು ಕಟ್ಟಿಕೊಟ್ಟರೆ ಕಡ್ಡಿಯೂ ಬ್ಲಾಕಿನಷ್ಟೇ ಆಯಿತು. ಬೇಗ ಆಗಲಿ ಅಂತ ಕೈ ಚಾಚುವ ಆಸೆ ದೊಡ್ಡವರಿಗೆ ಜಾಸ್ತಿ. ತಡೆದುಕೊಳ್ಳಿ.

ಮೊದಲ ದಿನ ಒಂದು ರಾಶಿ ಸುರಿದು, ‘ಎಷ್ಟಿರಬಹುದು, ಊಹೆ ಮಾಡು’ ಅನ್ನಿ. ನೀವೂ ಒಂದು ಊಹೆ ಹೇಳಿ, ಬೇಕಂತಲೇ ಸ್ವಲ್ಪ ದೂರದ್ದು. ಆಮೇಲೆ ಎಣಿಸಲಿ. ಅರವತ್ತು ಎಪ್ಪತ್ತಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. ಹಿಂದಿನಿಂದ ಯಾರಾದರೂ ಮಾತಾಡಿಸಿದರೆ ಇನ್ನೂ ಒಳ್ಳೆಯದು. ‘ಮೊದಲಿಂದ ಎಣಿಸಬೇಕಾ?’ ಅಂತ ಅವಳ ಮುಖ ಸಪ್ಪೆಯಾದಾಗ ರಬ್ಬರ್ ಬ್ಯಾಂಡ್ ಮುಂದಿಡಿ. ಕಟ್ಟುವುದರಿಂದ ತನಗೇನು ಲಾಭ ಅಂತ ಆಗ ಗೊತ್ತಾಗುತ್ತದೆ. ಹತ್ತು ಕಟ್ಟುಗಳಾದ ಮೇಲೆ ಅವನ್ನೂ ಸೇರಿಸಿ ಒಂದು ದಾರದಲ್ಲಿ ಬಿಗಿದು ‘ದೊಡ್ಡ ಕಟ್ಟು’ ಮಾಡಲಿ. ಅದು ಅವಳ ಮೊದಲ ನೂರು.

ಇಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಸಿಗುವ ಸಿದ್ಧ ಗುಂಪುಗಳನ್ನು ಇದಕ್ಕೆ ಬಳಸಬೇಡಿ. ಮೊಟ್ಟೆಯ ಟ್ರೇಯಲ್ಲಿ ಮೂವತ್ತು, ಡಜನ್ನಿಗೆ ಹನ್ನೆರಡು. ಇವೆಲ್ಲ ಒಳ್ಳೆಯ ಲೆಕ್ಕವೇ, ಆದರೆ ಹತ್ತು ಗಟ್ಟಿಯಾಗುವವರೆಗೆ ದೂರ ಇರಲಿ.

ಕಟ್ಟುಗಳು ತಯಾರಾದ ಮೇಲೆ ಮೂರು ಕಟ್ಟು, ನಾಲ್ಕು ಬಿಡಿ ಇಟ್ಟು ಎಷ್ಟು ಅಂತ ಕೇಳಿ. ಅವಳು ಎಣಿಸುವ ರೀತಿಯನ್ನು ಕಿವಿಗೊಟ್ಟು ಕೇಳಿ. ಕಟ್ಟಿನೊಳಗಿನ ಕಡ್ಡಿಯನ್ನು ಒಂದೊಂದೇ ಮುಟ್ಟಿ ಎಣಿಸುತ್ತಿದ್ದರೆ ಕಟ್ಟಿನ ಮೇಲೆ ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ಇನ್ನೂ ಕೆಲವು ದಿನ ಕಟ್ಟಿಸಿ. ‘ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು...’ ಅಂತ ಬಿಡಿಗಳನ್ನೂ ಹತ್ತತ್ತಾಗಿ ಎಣಿಸಿಬಿಟ್ಟರೆ ಗಾಬರಿ ಬೇಡ, ಇದೂ ಮಾಮೂಲಿ. ಕಟ್ಟು ಮುಗಿದು ಬಿಡಿ ಶುರುವಾಗುವ ಜಾಗದಲ್ಲಿ ಒಂದು ಕ್ಷಣ ನಿಲ್ಲುವುದನ್ನು ಅಭ್ಯಾಸ ಮಾಡಿಸಿ. ‘ಮೂವತ್ತು’ ಅಂದು, ಉಸಿರೆಳೆದು, ‘ಮೂವತ್ತೊಂದು, ಮೂವತ್ತೆರಡು’. ಸರಿಹೋಗುತ್ತದೆ.

ಕನ್ನಡದಲ್ಲೇ ಎಣಿಸಿ. ಹದಿಮೂರು, ಹದಿನಾಲ್ಕು ಅನ್ನುವಾಗ ಹತ್ತು ಮೊದಲು ಬರುತ್ತದೆ, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ಥರ್ಟೀನ್, ಫೋರ್ಟೀನ್‌ನಲ್ಲಿ ಬಿಡಿ ಮುಂದೆ ಬಂದು ಕೂರುತ್ತದೆ. ಅದನ್ನು ಕೇಳಿ 13ಕ್ಕೆ 31 ಅಂತ ಬರೆಯುವ ಮಕ್ಕಳಿದ್ದಾರೆ, ಥರ್ಟೀನ್ ಮತ್ತು ಥರ್ಟಿ ಎರಡೂ ಒಂದೇ ಥರ ಕೇಳಿಸುವ ಮಕ್ಕಳಂತೂ ಬಹಳ. ಮೊದಲು ಕನ್ನಡದಲ್ಲಿ ಗಟ್ಟಿಯಾಗಲಿ, ಶಾಲೆಯ ಹೆಸರುಗಳನ್ನು ಅದರ ಪಕ್ಕಕ್ಕೆ ಆಮೇಲೆ ಕೂರಿಸಬಹುದು.

ಈಗ ನಾನು ತುಂಬಾ ಮುಖ್ಯ ಅಂದುಕೊಂಡಿರುವ ಒಂದು ಕೆಲಸ. ನಮ್ಮ ಶಾಲೆಗಳಲ್ಲಿ ಇದಕ್ಕೆ ಸಮಯವನ್ನೇ ಕೊಡುವುದಿಲ್ಲ. ನಾಲ್ಕು ಕಟ್ಟು ಮೂರು ಬಿಡಿ ಇಟ್ಟು ‘ನಲವತ್ತಮೂರು’ ಅನ್ನಿಸಿ. ಅವಳ ಕಣ್ಣೆದುರೇ ಒಂದು ಕಟ್ಟು ಬಿಚ್ಚಲಿ. ‘ಈಗ ಎಷ್ಟು?’ ಬಹಳ ಮಕ್ಕಳು ಮತ್ತೆ ಮೊದಲಿಂದ ಎಣಿಸುತ್ತಾರೆ. ಎಣಿಸಲಿ. ಇನ್ನೊಂದು ಬಿಚ್ಚಿ, ಮತ್ತೆ ಕೇಳಿ. ಒಂದಲ್ಲ ಒಂದು ದಿನ ‘ಅಜ್ಜಾ, ಎಷ್ಟು ಸಲ ಕೇಳ್ತೀಯ, ಅಷ್ಟೇ ಇದೆ!’ ಅಂತ ರೇಗುತ್ತಾಳೆ. ಅದೇ ನಮಗೆ ಬೇಕಾದದ್ದು. 43 ಅಂದರೆ ನಾಲ್ಕು ಹತ್ತು ಮೂರು ಬಿಡಿ. ಮೂರು ಹತ್ತು ಹದಿಮೂರು ಬಿಡಿಯೂ ಹೌದು. ನಲವತ್ತಮೂರು ಬಿಡಿಯೂ ಹೌದು. ಪುಸ್ತಕದಲ್ಲಿ ಮೊದಲನೆಯದಕ್ಕೆ ಮಾತ್ರ ಮಾರ್ಕು. ಆದರೆ ಮುಂದೆ ಬರುವ ಕಳೆಯುವ ಲೆಕ್ಕವೆಲ್ಲ ನಿಂತಿರುವುದು ಎರಡನೆಯದರ ಮೇಲೆ. ‘243ರಲ್ಲಿ ಎಷ್ಟು ಹತ್ತುಗಳಿವೆ?’ ಅಂದರೆ ದೊಡ್ಡವರೂ ನಾಲ್ಕು ಅಂತ ಥಟ್ಟನೆ ಹೇಳುತ್ತಾರೆ. ಹತ್ತರ ಸ್ಥಾನದಲ್ಲಿರುವ ಅಂಕಿ ನಾಲ್ಕು, ನಿಜ. ಆದರೆ ಇರುವ ಹತ್ತುಗಳು ಇಪ್ಪತ್ತನಾಲ್ಕು. ದೊಡ್ಡ ಕಟ್ಟಿನ ದಾರ ಬಿಚ್ಚಿ ನೋಡಿದ ಮಗುವಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಸಂಜೆ ಹೊತ್ತು ಆಟವಾಡಿ. ಎರಡು ದಾಳ ಇದ್ದರೆ ಸಾಕು. ದಾಳ ಹಾಕಿ ಬಿದ್ದಷ್ಟು ಕಡ್ಡಿ ತಗೊಳ್ಳುವುದು, ಹತ್ತಾದ ಕೂಡಲೇ ಕಟ್ಟುವುದು. ದೊಡ್ಡ ಕಟ್ಟು ಯಾರದು ಮೊದಲು ಆಗುತ್ತದೋ ಅವರು ಗೆದ್ದರು. ಇದು ಎಲ್ಲರೂ ಆಡಿಸುವ ಆಟ. ಇದರ ಉಲ್ಟಾ ಆಟವನ್ನು ಮಾತ್ರ ಯಾಕೋ ಬಿಟ್ಟುಬಿಡುತ್ತಾರೆ. ಇಬ್ಬರೂ ಒಂದೊಂದು ದೊಡ್ಡ ಕಟ್ಟು ಹಿಡಿದು ಕೂತು, ದಾಳ ಬಿದ್ದಷ್ಟು ಕಡ್ಡಿ ವಾಪಸು ಕೊಡಬೇಕು. ಮೊದಲು ಖಾಲಿಯಾದವರು ಗೆದ್ದರು. ಮೊದಲ ಸಲವೇ ಏಳು ಬಿತ್ತು ಅಂದುಕೊಳ್ಳಿ. ಕೈಯಲ್ಲಿ ಬಿಡಿಯೇ ಇಲ್ಲ! ದಾರ ಬಿಚ್ಚಬೇಕು, ಆಮೇಲೆ ಒಂದು ಬ್ಯಾಂಡ್ ಬಿಚ್ಚಬೇಕು, ಆಮೇಲೆ ಏಳು ಕೊಡಬೇಕು. 100ರಲ್ಲಿ 7 ಕಳೆಯುವ ಲೆಕ್ಕ ಇದು. ಸೊನ್ನೆಗಳ ಮೇಲೆ ಅಡ್ಡಗೆರೆ ಎಳೆದು 9 ಬರೆಯುವ ಆ ಲೆಕ್ಕಕ್ಕೆ ಮೂರನೇ ಕ್ಲಾಸಿನ ಮಕ್ಕಳೂ ತಡವರಿಸುತ್ತಾರೆ.

ಮೊದಲ ಪಾಠ ಇಷ್ಟು. ಇನ್ನು 1005ಕ್ಕೆ ಮದ್ದು.

ಇದಕ್ಕೆ ಬೇಕಾದದ್ದು ಒಂದರ ಮೇಲೊಂದು ಕೂರುವ ಚೀಟಿಗಳು. ಹಳೇ ಮದುವೆ ಕರೆಯೋಲೆಗಳ ಗಟ್ಟಿ ಕಾಗದ ಚೆನ್ನಾಗಿ ಬರುತ್ತದೆ. 1ರಿಂದ 9ರವರೆಗಿನ ಚೀಟಿ ಒಂದು ಅಂಕಿಯಷ್ಟು ಅಗಲ. 10, 20ರಿಂದ 90ರವರೆಗಿನದು ಸರಿಯಾಗಿ ಅದರ ಎರಡರಷ್ಟು ಅಗಲ. 100ರಿಂದ 900ರವರೆಗಿನದು ಮೂರರಷ್ಟು. ಎತ್ತರ ಎಲ್ಲದಕ್ಕೂ ಒಂದೇ. ಒಟ್ಟು 27 ಚೀಟಿ. ಬಿಡಿ, ಹತ್ತು, ನೂರಕ್ಕೆ ಬೇರೆ ಬೇರೆ ಬಣ್ಣದ ಶಾಯಿ ಇರಲಿ. ಮಾಂಟೆಸ್ಸರಿ ಶಾಲೆಗಳಲ್ಲಿ ಬಿಡಿಗೆ ಹಸಿರು, ಹತ್ತಕ್ಕೆ ನೀಲಿ, ನೂರಕ್ಕೆ ಕೆಂಪು. ನೀವೂ ಅದನ್ನೇ ಇಟ್ಟುಕೊಳ್ಳಬಹುದು. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದವರು ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದರು. ಅವರ ಪದ್ಧತಿಯ ಚಿನ್ನದ ಬಣ್ಣದ ಮಣಿಗಳು ಇವತ್ತಿಗೂ ನಾನು ಕಂಡ ಒಳ್ಳೆಯ ಗಣಿತ ಸಾಮಗ್ರಿ. ಬಿಡಿ ಮಣಿ, ತಂತಿಗೆ ಪೋಣಿಸಿದ ಹತ್ತು, ಹತ್ತು ತಂತಿ ಸೇರಿದ ನೂರರ ಚೌಕ, ಹತ್ತು ಚೌಕ ಪೇರಿಸಿದ ಸಾವಿರ. ಸಾವಿರವನ್ನು ಎತ್ತಿದ ಮಗುವಿಗೆ ಅದರ ಭಾರವೂ ಗೊತ್ತಾಗುತ್ತದೆ. ಬೆಲೆ ಮಾತ್ರ ಜಾಸ್ತಿ, ಅದಕ್ಕೇ ನಿಮಗೆ ಕಡ್ಡಿ ಹೇಳಿದೆ.

ಚೀಟಿ ತಯಾರಾದ ಮೇಲೆ ಒಂದು ದೊಡ್ಡ ಕಟ್ಟು, ಐದು ಬಿಡಿ ಇಡಿ. ‘ಇದಕ್ಕೆ ಚೀಟಿ ತಾ’ ಅನ್ನಿ. 100 ಮತ್ತು 5 ತರುತ್ತಾಳೆ. ಪಕ್ಕಪಕ್ಕ ಇಟ್ಟು 1005 ಅಂತಲೇ ಓದಬಹುದು, ಓದಲಿ. ಆಮೇಲೆ 5ರ ಚೀಟಿಯನ್ನು ಬಲ ಅಂಚಿಗೆ ಸರಿಯಾಗಿ 100ರ ಮೇಲೆ ಕೂರಿಸಿ ತೋರಿಸಿ. ಕೊನೆಯ ಸೊನ್ನೆ ಮುಚ್ಚಿಹೋಗಿ 105 ಕಾಣುತ್ತದೆ. ಈಗ 5ನ್ನು ಎತ್ತಿ ಕೆಳಗೇನಿದೆ ಅಂತ ಇಣುಕಲಿ. ನೂರು ಎಲ್ಲೂ ಹೋಗಿಲ್ಲ, ಹಾಗೇ ಇದೆ. ಐದು ಬಂದು ಅದರ ಖಾಲಿ ಜಾಗದಲ್ಲಿ ಕೂತಿದೆ. ಮಕ್ಕಳು ಈ ಮುಚ್ಚಿ ತೆಗೆಯುವ ಆಟವನ್ನು ಬೇಜಾರಿಲ್ಲದೆ ಆಡುತ್ತಾರೆ. ನೂರ ಇಪ್ಪತ್ತೈದಕ್ಕೆ ಮೂರು ಚೀಟಿ ಒಂದರ ಮೇಲೊಂದು. ‘ವಿಸ್ತರಿಸಿ ಬರೆ’ ಅಂತ ಶಾಲೆಯಲ್ಲಿ ಕೊಡುವ 100 + 20 + 5 ಇದೇ. ಚೀಟಿ ಆಡಿದವರಿಗೆ ಆ ಪ್ರಶ್ನೆ ಬಿಟ್ಟಿ ಮಾರ್ಕು.

ಜೊತೆಗೆ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಮನೆ ಬರೆಯಿರಿ. ಬಲಗಡೆಯದು ಬಿಡಿಯ ಮನೆ, ನಡುವಿನದು ಹತ್ತರದು, ಎಡಗಡೆಯದು ನೂರರದು. 105ಕ್ಕೆ ಕಡ್ಡಿ ಇಟ್ಟಾಗ ನಡುಮನೆ ಖಾಲಿ ಉಳಿಯುತ್ತದೆ. ಆ ಖಾಲಿಗೆ ಬರೆಯುವ ಗುರುತೇ ಸೊನ್ನೆ. ಕಡ್ಡಿಗೆ ಸೊನ್ನೆ ಬೇಕಾಗಿಲ್ಲ, ಕಟ್ಟೇ ಇಲ್ಲದಿದ್ದರೆ ಇಡುವುದಾದರೂ ಏನನ್ನು? ಬರವಣಿಗೆಗೆ ಮಾತ್ರ ಅದು ಬೇಕು. ಇಲ್ಲದಿದ್ದರೆ ನೂರರ 1 ಜಾರಿ ಹತ್ತರ ಮನೆಗೆ ಬಂದುಬಿಡುತ್ತದೆ. 105, 150, 115, 15, 501, 510 ಇವನ್ನು ಬೇರೆ ಬೇರೆ ದಿನ ಕಲಸಿ ಕೊಡಿ. ಒಂದೇ ಅಂಕಿಗಳು ಮನೆ ಬದಲಿಸಿದಾಗ ಕಡ್ಡಿಯ ರಾಶಿ ಎಷ್ಟು ಬದಲಾಗುತ್ತದೆ ಅಂತ ಅವಳೇ ನೋಡಲಿ.

ಈಗ 52ರಲ್ಲಿ 28. ಐದು ಕಟ್ಟು, ಎರಡು ಬಿಡಿ ಅವಳ ಹತ್ತಿರ. ‘ಇಪ್ಪತ್ತೆಂಟು ಕೊಡು’ ಅನ್ನಿ. ಹೇಗೆ ಕೊಡಬೇಕು ಅಂತ ಹೇಳಬೇಡಿ. ಬಹುಶಃ ಮೊದಲು ಎರಡು ಕಟ್ಟು ಕೊಡುತ್ತಾಳೆ. ಆಮೇಲೆ ಎಂಟು ಬೇಕು, ಇರುವುದು ಎರಡು. ಒಂದು ಕಟ್ಟು ಬಿಚ್ಚುತ್ತಾಳೆ. ಅದರಿಂದಲೇ ಎಂಟು ಎಣಿಸಿ ಕೊಟ್ಟು, ಉಳಿದ ಎರಡನ್ನು ತನ್ನ ಎರಡರ ಜೊತೆ ಸೇರಿಸಿಕೊಂಡರೆ ನಾಲ್ಕು. ಎರಡು ಕಟ್ಟು, ನಾಲ್ಕು ಬಿಡಿ, ಇಪ್ಪತ್ತನಾಲ್ಕು. ಅವಳು ಹತ್ತರಿಂದ ಶುರು ಮಾಡಿದಳು, ಶಾಲೆಯಲ್ಲಿ ಬಿಡಿಯಿಂದ ಶುರು ಮಾಡಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಎಣಿಸಿ ಕೊಡುವಾಗ ನೀವೂ ದೊಡ್ಡ ನೋಟಿನಿಂದಲೇ ಶುರು ಮಾಡುತ್ತೀರಿ, ಅಲ್ವಾ? ಬರೆಯುವಾಗ ಬಲದಿಂದ ಹೋದರೆ ಅಳಿಸಿ ತಿದ್ದುವುದು ಕಡಿಮೆ ಅಂತ ಅವಳಿಗೇ ಆಮೇಲೆ ಗೊತ್ತಾಗುತ್ತದೆ.

ಬ್ಲಾಕಿನಿಂದ ಪೆನ್ಸಿಲಿಗೆ ದಾಟುವ ಜಾಗದಲ್ಲಿ ಮಕ್ಕಳು ಬೀಳುವುದಕ್ಕೆ ದೊಡ್ಡ ಕಾರಣ ಒಂದೇ. ಸಾಮಗ್ರಿಯಲ್ಲಿ ಇಡೀ ಲೆಕ್ಕ ಮುಗಿಸಿ, ಅದನ್ನು ಡಬ್ಬಿಗೆ ಹಾಕಿ, ‘ಈಗ ಪುಸ್ತಕದಲ್ಲಿ ಮಾಡು’ ಅನ್ನುತ್ತೇವೆ. ಮಗುವಿಗೆ ಅವು ಎರಡು ಬೇರೆ ಲೆಕ್ಕ. ಹಾಗೆ ಮಾಡಬೇಡಿ. ಕಡ್ಡಿ, ಕಾಗದ ಎರಡೂ ಒಟ್ಟಿಗೆ ಇರಲಿ. ಕೈ ಒಂದು ಕೆಲಸ ಮಾಡಿದ ಕೂಡಲೇ ಪೆನ್ಸಿಲು ಒಂದು ಗುರುತು ಹಾಕಲಿ. ಒಂದು ಕಟ್ಟು ಬಿಚ್ಚಿದೆಯಾ? 5ನ್ನು ಹೊಡೆದು ಮೇಲೆ 4 ಬರಿ. ಬಿಡಿ ಎಷ್ಟಾಯಿತು? ಹನ್ನೆರಡು. 2ನ್ನು ಹೊಡೆದು 12 ಬರಿ. ಎಂಟು ಕೊಡು. ಉಳಿದದ್ದು ಬರಿ. ಬರೆಯುವುದು ಆಗ ಕೈ ಮಾಡಿದ್ದರ ದಾಖಲೆ ಆಗುತ್ತದೆ. ನೀವಿಬ್ಬರೂ ಸರದಿ ಹಾಕಿಕೊಳ್ಳಬಹುದು. ಅವಳು ಕಡ್ಡಿ, ನೀವು ಪೆನ್ಸಿಲು. ಮರುದಿನ ನೀವು ಕಡ್ಡಿ, ಅವಳು ಪೆನ್ಸಿಲು.

‘ಸಾಲ ತಗೋ’ ಅನ್ನುವ ಮಾತು ಬೇಡ. ವಾಪಸು ಕೊಡುವುದು ಯಾವಾಗ ಅಂತ ಮಕ್ಕಳು ಕೇಳುತ್ತಾರೆ, ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ‘ಬಿಚ್ಚು’ ಅನ್ನಿ. ಕೂಡುವಾಗ ‘ಕೈಲಿ ಒಂದು’ ಅನ್ನುವ ಬದಲು ‘ಕಟ್ಟು’ ಅನ್ನಿ. 38ಕ್ಕೆ 27 ಕೂಡಿ 515 ಅಂತ ಬರೆಯುವ ಮಗುವಿಗೆ ಹದಿನೈದು ಬಿಡಿ ಮುಂದಿಟ್ಟು ‘ಇದರಲ್ಲಿ ಒಂದು ಕಟ್ಟು ಆಗುತ್ತಾ?’ ಅಂತ ಕೇಳಿದರೆ ಮುಗಿಯಿತು. ಶಾಲೆಯ ಪುಸ್ತಕದ ‘ದಶಕ ಸಹಿತ ಸಂಕಲನ’ ಅಂದರೆ ಇದೇ.

ಇಷ್ಟಾದ ಮೇಲೆ ಮಗ ತರಿಸಿದ ಡಬ್ಬಿ ತೆಗೆಯಿರಿ. ಈಗ ಅದು ಉಪಯೋಗಕ್ಕೆ ಬರುತ್ತದೆ. ಮುನ್ನೂರು ಕಡ್ಡಿ ಕಟ್ಟುತ್ತಾ ಕೂರುವುದಕ್ಕೆ ಯಾರಿಗೂ ಪುರಸೊತ್ತಿಲ್ಲ, ಮೂರಂಕಿಗೆ ಬ್ಲಾಕೇ ಸಲೀಸು. ಹಂಗೇರಿ ಮೂಲದ ಗಣಿತಜ್ಞ ಝೋಲ್ಟಾನ್ ಡೀನ್ಸ್ ಹೆಸರಿನಲ್ಲಿ ಈ ಬ್ಲಾಕುಗಳನ್ನು ಕರೆಯುವುದುಂಟು. ಅವರು ಹತ್ತಕ್ಕೆ ಮಾತ್ರ ಮಾಡಿರಲಿಲ್ಲ. ಮೂರಕ್ಕೊಂದು ಪಟ್ಟಿ, ನಾಲ್ಕಕ್ಕೊಂದು ಪಟ್ಟಿ ಆಗುವ ಪೆಟ್ಟಿಗೆಗಳೂ ಇದ್ದವು. ಗುಂಪು ಮಾಡುವ ನಿಯಮವೇ ಮುಖ್ಯ, ಹತ್ತು ಅದರಲ್ಲಿ ಒಂದು ಆಯ್ಕೆ ಅಂತ ಮಕ್ಕಳಿಗೆ ತಿಳಿಯಲಿ ಅನ್ನುವುದು ಅವರ ಯೋಚನೆ. ನಿಮ್ಮ ಡಬ್ಬಿಯಲ್ಲಿ ಸಾವಿರದ ಘನವೂ ಇದ್ದರೆ ಒಂದು ಸಲ ‘ಇದರಲ್ಲಿ ಎಷ್ಟು ಬಿಡಿ?’ ಅಂತ ಕೇಳಿ ನೋಡಿ. ಆರುನೂರು ಅನ್ನುವ ಮಕ್ಕಳು ಬೇಕಾದಷ್ಟಿದ್ದಾರೆ. ಹೊರಗೆ ಕಾಣುವ ಆರು ಮುಖಕ್ಕೆ ತಲಾ ನೂರು ಅಂತ ಲೆಕ್ಕ ಹಾಕುತ್ತಾರೆ, ಒಳಗೆ ಇರುವುದು ಕಾಣುವುದಿಲ್ಲವಲ್ಲ. ನೂರರ ಹಲಗೆಗಳನ್ನು ಹತ್ತು ಪೇರಿಸಿ ಪಕ್ಕದಲ್ಲಿಡುವುದೇ ಅದಕ್ಕೆ ಔಷಧಿ.

ದುಡ್ಡನ್ನು ಇದಾದ ಮೇಲೆ ತನ್ನಿ. ಹತ್ತು ರೂಪಾಯಿ ನೋಟು ಒಂದು ರೂಪಾಯಿ ನಾಣ್ಯದ ಹತ್ತರಷ್ಟು ದೊಡ್ಡದಲ್ಲ, ನೂರರ ನೋಟಿನಲ್ಲಿ ಹತ್ತು ನೋಟು ಕಾಣುವುದೂ ಇಲ್ಲ. ಅಲ್ಲಿ ಬೆಲೆ ಬರೀ ಒಪ್ಪಂದ. ಕಟ್ಟುವುದು ಬಿಚ್ಚುವುದು ಗೊತ್ತಿರುವ ಮಗುವಿಗೆ ಅದು ಒಳ್ಳೆಯ ಮುಂದಿನ ಮೆಟ್ಟಿಲು. 1, 10, 100 ಮಾತ್ರ ಇರಲಿ; 5, 20, 50 ತೆಗೆದಿಡಿ. ಈಗಿನ ಪೇಟೆ ಮಕ್ಕಳು ಫೋನ್ ಸ್ಕ್ಯಾನ್ ಮಾಡುವುದನ್ನಷ್ಟೇ ನೋಡಿರುತ್ತಾರೆ, ಚಿಲ್ಲರೆ ಎಣಿಸಿದ್ದು ಕಡಿಮೆ. ಊರಿನ ಅಂಗಡಿಗೆ ಕೈಯಲ್ಲಿ ನೋಟು ಕೊಟ್ಟು ಕಳಿಸಿ.

ಅಬಾಕಸ್ ಬರುವುದು ಎಲ್ಲಕ್ಕಿಂತ ಕೊನೆಗೆ. ಶಾಲೆಗಳಲ್ಲಿರುವ ಕಡ್ಡಿಗೆ ಮಣಿ ಪೋಣಿಸುವ ಅಬಾಕಸ್‌ನಲ್ಲಿ ಬಿಡಿಯ ಮಣಿ, ನೂರರ ಮಣಿ ಎರಡೂ ಒಂದೇ ಗಾತ್ರ. ಯಾವ ಕಡ್ಡಿಯಲ್ಲಿದೆ ಅನ್ನುವುದೇ ಅದರ ಬೆಲೆ. ಅಂದರೆ ಅದು ಬರವಣಿಗೆಯಷ್ಟೇ ಕಷ್ಟ. ಎರಡನೇ ಪಾಠವನ್ನು ಗಟ್ಟಿ ಮಾಡುವುದಕ್ಕೆ ಬಹಳ ಚೆಂದ, ಮೊದಲನೆಯದನ್ನು ಕಲಿಸುವುದಕ್ಕೆ ಆಗುವುದಿಲ್ಲ. ನಮ್ಮಲ್ಲಿ ಇದನ್ನೇ ಮೊದಲು ಕೊಡುತ್ತಾರೆ. ನಿಮ್ಮ ಸೊಸೆ ಹೇಳುವ ಅಬಾಕಸ್ ಕ್ಲಾಸು ಇನ್ನೂ ಬೇರೆ. ಅಲ್ಲಿ ಸಾಮಾನ್ಯವಾಗಿ ಬಳಸುವುದು ಜಪಾನಿನ ಸೊರೊಬಾನ್. ಪ್ರತಿ ಕಡ್ಡಿಯಲ್ಲೂ ಮೇಲೆ ಐದರ ಬೆಲೆಯ ಒಂದು ಮಣಿ, ಕೆಳಗೆ ನಾಲ್ಕು ಮಣಿ. ಬೇಗ ಬೇಗ ಲೆಕ್ಕ ಹಾಕುವುದು ಅದರ ಗುರಿ. ಇಷ್ಟವಾದರೆ ಮುಂದೆ ಕಲಿಯಲಿ, ಆದರೆ ಈ 1005ಕ್ಕೆ ಅದು ಮದ್ದಲ್ಲ.

ನಿಮ್ಮ ಮಗ್ಗಿಗೆ ಬರೋಣ. ಬಾಯಿಪಾಠದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈಗ ಬಾಯಿಗೆ ಬರಬೇಕಾದದ್ದು ಏಳೆಂಟಲ ಅಲ್ಲ. ಹತ್ತು ಮಾಡುವ ಜೋಡಿಗಳು ಬರಬೇಕು. 9ಕ್ಕೆ 1, 8ಕ್ಕೆ 2, 7ಕ್ಕೆ 3, 6ಕ್ಕೆ 4, 5ಕ್ಕೆ 5. ನೀವು ಒಂದು ಹೇಳಿ, ಅವಳು ಜೋಡಿ ಹೇಳಲಿ. ತೋಟಕ್ಕೆ ಹೋಗುವ ದಾರಿಯಲ್ಲೇ ಆಗುತ್ತದೆ. ಕಟ್ಟಿನಿಂದ ಎಂಟು ಕೊಟ್ಟಾಗ ಎಷ್ಟು ಉಳಿಯಿತು ಅಂತ ಎಣಿಸದೆ ಗೊತ್ತಾಗುವುದು ಇದರಿಂದ. ಮಗ್ಗಿ ಮೂರನೇ ಕ್ಲಾಸಿನಲ್ಲಿ ಬರಲಿ.

ಕಡ್ಡಿ ಎಲ್ಲಿಯವರೆಗೆ ಅಂತ ಕೇಳಬಹುದು. ಅವಳಿಗೇ ಬೇಡ ಅನಿಸುವವರೆಗೆ. ನಡುವೆ ಒಂದು ಹಂತ ಹಾಕಿಕೊಡಿ. ಕಟ್ಟಿಗೆ ಒಂದು ಉದ್ದ ಗೀಟು, ಬಿಡಿಗೆ ಒಂದು ಚುಕ್ಕೆ, ನೂರಕ್ಕೆ ಒಂದು ಚೌಕ. ಕಡ್ಡಿ ಮುಟ್ಟದೆ ಚಿತ್ರ ಬರೆದು ಲೆಕ್ಕ ಮಾಡಲಿ. ಅದೂ ಸಲೀಸಾದ ಮೇಲೆ ಕಡ್ಡಿಗಳನ್ನು ಟವೆಲ್ಲಿನ ಕೆಳಗೆ ಮುಚ್ಚಿಟ್ಟು, ‘ಐದು ಕಟ್ಟು ಎರಡು ಬಿಡಿ ಇದೆ, ಇಪ್ಪತ್ತೆಂಟು ತೆಗೆದೆ, ಏನು ಉಳಿಯಿತು?’ ಅಂತ ಬಾಯಲ್ಲೇ ಕೇಳಿ. ಸಿಕ್ಕಿಕೊಂಡರೆ ಟವೆಲ್ ಎತ್ತಿ ನೋಡುವ ಸ್ವಾತಂತ್ರ್ಯ ಅವಳಿಗಿರಲಿ.

ದಿನಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷ ಸಾಕು. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಕಾರ್ಯಕ್ರಮದ ಪ್ರಕಾರ ಎರಡನೇ ತರಗತಿ ಮುಗಿಯುವಾಗ 999ರವರೆಗೆ ಓದಿ ಬರೆಯಬೇಕು, ಮೂರನೇದು ಮುಗಿಯುವಾಗ 9999ರವರೆಗೆ. ಅದನ್ನು ನೋಡಿ ಮಗ, ಸೊಸೆ ಗಾಬರಿಯಾಗಿರಬಹುದು. ಹತ್ತು ಗಟ್ಟಿಯಾದ ಮಗುವಿಗೆ ನೂರು, ಸಾವಿರ ಅದೇ ನಿಯಮದ ಮೇಲೆ ಬೇಗ ಬರುತ್ತವೆ, ಹಿಂದೆ ಬಿದ್ದದ್ದನ್ನು ತುಂಬಿಕೊಳ್ಳಬಹುದು. ಹತ್ತು ಗಟ್ಟಿಯಾಗದೆ 9999 ಬರೆಸಿದರೆ ಬರೀ ಅಂಕಿ ಬರೆದಂತೆ. ಹಾಗಾಗಿ ಎರಡು ವಾರದ ಕಡ್ಡಿ ಆಟದ ಮೇಲೂ 16ರ ಪರೀಕ್ಷೆಯಲ್ಲಿ ಒಂದೇ ಅಡಿಕೆ ಸರಿಸಿದರೆ, ಈ ರಜೆಯಲ್ಲಿ ಕಳೆಯುವ ಲೆಕ್ಕವನ್ನು ಕಾಗದದ ಮೇಲೆ ಮಾಡಿಸಲೇಬೇಡಿ. ಕಟ್ಟುವುದು, ಬಿಚ್ಚುವುದು, ದಾಳದ ಆಟ ಇಷ್ಟೇ ಇರಲಿ. ಅವಳು ಬೆಂಗಳೂರಿಗೆ ಹೊರಡುವಾಗ ಕಡ್ಡಿಯ ಕಟ್ಟುಗಳನ್ನೂ ಚೀಟಿಗಳನ್ನೂ ಜೊತೆಗೆ ಕಳಿಸಿ. ಯಾವ ಆಟ ಎಲ್ಲಿಯವರೆಗೆ ಬಂದಿದೆ ಅಂತ ಒಂದು ಹಾಳೆಯಲ್ಲಿ ಬರೆದು ಸೊಸೆಯ ಕೈಗೆ ಕೊಡಿ.